ಒಂದೇ ಬಾಗಿಲು, ಎರಡು ವಿಳಾಸ: ಫ್ರೆಂಚ್ ರಾಕ್ಸಿನಿಂದ ಐಪಿ ಅಲಿಯಾಸಿನವರೆಗೆ

ಒಂದು ಸರ್ವರ್‌ನ ಒಂದೇ ನೆಟ್‌ವರ್ಕ್ ಕಾರ್ಡಿಗೆ ಎರಡು ಮೂರು ಐಪಿ ವಿಳಾಸ ಕೊಡಬಹುದಾ, ಕೊಟ್ಟರೆ ಅದಕ್ಕೆ ತಲೆ ಕೆಡೋದಿಲ್ವಾ ಅಂತ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ಕೇಳುತ್ತಿರುತ್ತಾರೆ. ಉತ್ತರ ಚಿಕ್ಕದು. ಕೊಡಬಹುದು, ಕೆಡೋದಿಲ್ಲ. ಆದರೆ ಮಂಡ್ಯ ಜಿಲ್ಲೆಯವನಾದ ನನಗೆ ಈ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನಮ್ಮ ಕಡೆಯ ಊರುಗಳು ನೆನಪಾಗುತ್ತವೆ. ಒಂದೇ ಊರಿಗೆ ಎರಡು ಮೂರು ಹೆಸರು ಇಟ್ಟುಕೊಂಡು ತಲೆಮಾರುಗಟ್ಟಲೆ ಬದುಕಿದ ಜನ ನಾವು. ನಮಗೆ ಇದೇನೂ ಹೊಸದಲ್ಲ :-)

ಆದ್ದರಿಂದ ಇವತ್ತು ಎರಡೂ ಕಥೆಯನ್ನು ಒಟ್ಟಿಗೆ ಬರೆಯೋಣ ಅಂತ. ಮೊದಲು ಊರಿನದು, ಆಮೇಲೆ ಐಪಿಯದು. ಗಣಕಯಂತ್ರದ ಗಂಧಗಾಳಿ ಇಲ್ಲದವರಿಗೂ ಅರ್ಥವಾಗುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ.

ಪಾಂಡವಪುರದಿಂದಲೇ ಶುರುಮಾಡೋಣ. ಇದರ ಹಳೆಯ ಹೆಸರು ಹಿರೋಡೆ. ಊರಿನ ಕೆರೆಗೆ ಇನ್ನೂ ಹಿರೋಡೆ ಕೆರೆ ಅಂತಲೇ ಹೆಸರು. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಆಸುಪಾಸಿನಲ್ಲಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಇದು ಫ್ರೆಂಚ್ ರಾಕ್ಸ್ ಆಯಿತು. ಬೆಂಗಳೂರು-ಮೈಸೂರು ರೈಲು ಬಂದ ಮೇಲೆ ಸ್ಟೇಷನ್ನಿನ ಹೆಸರೂ ಅದೇ ಆಯಿತು. ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯ ಜೊತೆ ತಂಗಿದ್ದರು ಅನ್ನೋ ಐತಿಹ್ಯ ಈ ಕಡೆ ಇದೆ. ಅದರ ಬಲದ ಮೇಲೆ ಆಮೇಲೆ ಬಂದದ್ದು ಪಾಂಡವಪುರ ಅನ್ನೋ ಹೆಸರು. ಮೂರು ಹೆಸರು, ಊರು ಮಾತ್ರ ಒಂದೇ.

ಇದೇ ತಾಲ್ಲೂಕಿನ ಮೇಲುಕೋಟೆಯನ್ನು ನೋಡಿ. ಬಸ್ಸಿನ ಬೋರ್ಡಿನಲ್ಲಿ ಮೇಲುಕೋಟೆ. ಶ್ರೀವೈಷ್ಣವರ ಗ್ರಂಥಗಳಲ್ಲಿ ಯಾದವಗಿರಿ, ಯದುಗಿರಿ. ತಮಿಳುನಾಡಿನಿಂದ ವೈರಮುಡಿಗೆ ಬರುವ ಭಕ್ತರಿಗೆ ತಿರುನಾರಾಯಣಪುರಂ. ಯಾರು ಯಾವ ಹೆಸರಿನಲ್ಲಿ ಕೇಳಿಕೊಂಡು ಹೊರಟರೂ ಬಂದು ನಿಲ್ಲೋದು ಅದೇ ಬೆಟ್ಟದ ಬುಡದಲ್ಲಿ.

ಶ್ರೀರಂಗಪಟ್ಟಣ ಇಂಗ್ಲಿಷರ ಕಾಗದಪತ್ರಗಳಲ್ಲಿ ಸೆರಿಂಗಪಟಂ. 1799ರ ಮೇ 4ರಂದು ಟಿಪ್ಪು ಬಿದ್ದ ಸುದ್ದಿ ಲಂಡನ್ನಿಗೆ ಹೋದದ್ದು ಈ ಹೆಸರಿನಲ್ಲೇ. ಇವತ್ತಿಗೂ ಅಲ್ಲಿನ ಮ್ಯೂಸಿಯಮ್ಮುಗಳಲ್ಲಿ, ಹಳೆಯ ನಕ್ಷೆಗಳಲ್ಲಿ ನಮ್ಮೂರನ್ನು ಹುಡುಕಬೇಕಾದರೆ ಸೆರಿಂಗಪಟಂ ಅಂತಲೇ ಹುಡುಕಬೇಕು. ಕೆ.ಆರ್.ಪೇಟೆ 19ನೇ ಶತಮಾನದಲ್ಲಿ ಅತ್ತಿಕುಪ್ಪೆ. ಆಗಿನ ಗೆಜೆಟಿಯರಿನಲ್ಲಿ ತಾಲ್ಲೂಕಿನ ಹೆಸರೂ ಅದೇ. ಆಮೇಲೆ ಸರ್ಕಾರಿ ಕಾಗದದಲ್ಲಿ ಕೃಷ್ಣರಾಜಪೇಟೆ, ಬಸ್ಸಿನಲ್ಲಿ ಕೆ.ಆರ್.ಪೇಟೆ, ಸುತ್ತಲ ಹಳ್ಳಿಯವರಿಗೆ ಬರೀ 'ಪ್ಯಾಟೆ'. ನಾಗಮಂಗಲ ಮಾತ್ರ ತನ್ನ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಆದರೆ ಆ ತಾಲ್ಲೂಕಿನಲ್ಲೂ ಬೆಳ್ಳೂರು ಕ್ರಾಸಿನ ಹತ್ತಿರ ಇಳಿದವರು ಕಾಗದದಲ್ಲಿ ಬಿ.ಜಿ. ನಗರ ಅಂತ ವಿಳಾಸ ಬರೆಯೋದುಂಟು.

ಇಷ್ಟು ಸಾಲದು ಅಂತ ಮೇಲಿನ ವಿಳಾಸಗಳೂ ಬದಲಾದವು. 1939ರ ಜುಲೈ 1ರವರೆಗೆ ಈ ಊರುಗಳೆಲ್ಲ ಮೈಸೂರು ಜಿಲ್ಲೆ. ಅಂದು ಮಂಡ್ಯ ಜಿಲ್ಲೆ ಹುಟ್ಟಿತು. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂತು. ಮನೆಯಿಂದ ಒಂದು ಹೆಜ್ಜೆಯೂ ಆಚೆ ಇಡದ ಅಜ್ಜಿಯರ ವಿಳಾಸ ಹೀಗೆ ಮತ್ತೆ ಮತ್ತೆ ಬದಲಾಗಿದೆ.

ಈ ಗೋಜಲನ್ನು ಬಿಡಿಸೋದಕ್ಕೇ ಹೆಸರಿನ ಜೊತೆಗೆ ನಂಬರ್ ಬಂದದ್ದು. 1972ರ ಆಗಸ್ಟ್ 15ಕ್ಕೆ ಪಿನ್‌ಕೋಡ್ ಜಾರಿಯಾಯಿತು. ಶ್ರೀರಂಗಪಟ್ಟಣಕ್ಕೆ 571438, ಪಾಂಡವಪುರಕ್ಕೆ 571434, ಕೆ.ಆರ್.ಪೇಟೆಗೆ 571426, ನಾಗಮಂಗಲಕ್ಕೆ 571432. ಟೆಲಿಫೋನಿನವರ ಲೆಕ್ಕ ಬೇರೆ. ಅವರ ಎಸ್‌ಟಿಡಿ ಕೋಡಿನಲ್ಲಿ ಶ್ರೀರಂಗಪಟ್ಟಣ ಮತ್ತು ಪಾಂಡವಪುರ ಎರಡಕ್ಕೂ ಒಂದೇ 08236. ಕೆ.ಆರ್.ಪೇಟೆಗೆ 08230, ನಾಗಮಂಗಲಕ್ಕೆ 08234. ಅಂಚೆಯವನ ಕಣ್ಣಿಗೆ ಎರಡಾಗಿ ಕಂಡ ಊರು ಫೋನಿನವನ ಕಣ್ಣಿಗೆ ಒಂದೇ. ಅಂದರೆ ವಿಳಾಸ ಅನ್ನೋದು ಊರಿನ ಗುಣ ಅಲ್ಲ. ಅಲ್ಲಿಗೆ ತಲುಪಬೇಕಾದವನ ಅನುಕೂಲಕ್ಕೆ ಅಂಟಿಸಿದ ಚೀಟಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಐಪಿ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಚೀಟಿ ಕಿತ್ತರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ. ನನ್ನ ತಾತ 1930ರ ದಶಕದಲ್ಲಿ ಕೊಂಡ ಜಮೀನಿನ ಕ್ರಯಪತ್ರದಲ್ಲಿ ಇರೋದು ಫ್ರೆಂಚ್ ರಾಕ್ಸ್, ಮೈಸೂರು ಜಿಲ್ಲೆ ಅಂತ. ಚಿಕ್ಕಪ್ಪ ಬೋರ್‌ವೆಲ್ ಹಾಕಿಸಲು ಸಾಲಕ್ಕೆ ಹೋದಾಗ ಮೂಲಪತ್ರ ಕೇಳಿದರು, ಇದನ್ನೇ ಕೊಟ್ಟರು. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರಿನಲ್ಲಿ ಹುಡುಕಿ, "ಸಾರ್, ಈ ಊರು ನಮ್ಮ ಸಿಸ್ಟಮ್ಮಲ್ಲಿ ಇಲ್ಲ" ಅಂದ. "ಊರೇ ಇಲ್ದಿದ್ರೆ ನಾನೆಲ್ಲಿಂದ ಬಂದೆನಪ್ಪಾ?" ಅಂತ ಚಿಕ್ಕಪ್ಪ ಕೇಳಿದರು. ಹುಡುಗನದೇನೂ ತಪ್ಪಿಲ್ಲ, ಅವನಿಗೆ ಕೊಟ್ಟ ಪಟ್ಟಿಯಲ್ಲಿ ಪಾಂಡವಪುರ ಮಾತ್ರ ಇತ್ತು. ಹಳೇ ಗೆಜೆಟಿಯರಿನ ಪುಟದ ಜೆರಾಕ್ಸು, ಊರಿನ ಹಿರಿಯರ ಹೇಳಿಕೆ, ಗ್ರಾಮಲೆಕ್ಕಿಗರ ಒಂದು ಪತ್ರ, ಇಷ್ಟೆಲ್ಲ ಸೇರಿಸಿ ಎರಡೂ ಒಂದೇ ಊರು ಅಂತ ನಂಬಿಸುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. ಆ ವರ್ಷದ ಬೇಸಿಗೆ ಬೆಳೆ ಕೈಬಿಟ್ಟಂತಾಯಿತು. ಹಳೇ ಹೆಸರು ಸರ್ಕಾರದ ಕಡೆಯಿಂದ ಅಳಿಸಿಹೋಗಿತ್ತು, ಆದರೆ ಜನರ ಟ್ರಂಕಿನೊಳಗೆ ಹಾಗೇ ಇತ್ತು. ತೊಂದರೆ ಹುಟ್ಟೋದು ಈ ಎರಡರ ನಡುವಿನ ಸಂದಿಯಲ್ಲಿ.

ಈಗ ಐಪಿ ಕಡೆ ಬರೋಣ.

ಅಂತರ್ಜಾಲದ ವಿಳಾಸ ಪದ್ಧತಿಯನ್ನು ನಿಗದಿ ಮಾಡಿದ ಮೂಲ ದಾಖಲೆ ಆರ್‌ಎಫ್‌ಸಿ 791. 1981ರ ಸೆಪ್ಟೆಂಬರಿನದು, ಸಂಪಾದಿಸಿದವರು ಜಾನ್ ಪೋಸ್ಟೆಲ್. ಸ್ವಾರಸ್ಯ ಏನೆಂದರೆ, ಒಂದೇ ಯಂತ್ರ ಹಲವು ವಿಳಾಸಗಳನ್ನು ಇಟ್ಟುಕೊಂಡು ಹಲವು ಯಂತ್ರಗಳ ಹಾಗೆ ನಡೆದುಕೊಳ್ಳಲು ಸಾಧ್ಯವಾಗಬೇಕು ಅನ್ನೋ ಮಾತು ಅದರಲ್ಲೇ ಇದೆ. ಅಂದರೆ ಇದು ಯಾರೋ ಆಮೇಲೆ ಕಂಡುಹಿಡಿದ ಕಳ್ಳದಾರಿ ಅಲ್ಲ, ಹುಟ್ಟಿನಿಂದಲೇ ಇದ್ದ ಹಕ್ಕು.

ಇದು ಹೇಗೆ ನಡೆಯುತ್ತೆ? ನೆಟ್‌ವರ್ಕ್ ಕಾರ್ಡಿಗೆ ಕಾರ್ಖಾನೆಯಲ್ಲೇ ಕೊಟ್ಟ 48 ಬಿಟ್ಟಿನ ಒಂದು ನಂಬರ್ ಇರುತ್ತೆ, ಅದು ಮ್ಯಾಕ್ ವಿಳಾಸ. ಐಪಿ ವಿಳಾಸ ನಾವು ಮೇಲೆ ಅಂಟಿಸೋದು. ಒಂದೇ ತಂತಿಯ ಮೇಲಿರುವ ಯಂತ್ರಗಳು ಪರಸ್ಪರ ಹುಡುಕಿಕೊಳ್ಳುವ ಕ್ರಮಕ್ಕೆ ಎಆರ್‌ಪಿ ಅಂತ ಹೆಸರು, 1982ರದ್ದು. ನಮ್ಮ ಹಳ್ಳಿ ಬೀದಿಯಲ್ಲಿ ನಿಂತು "ಪಟೇಲ್ರು ಯಾರು?" ಅಂತ ಕೂಗಿದ ಹಾಗೆ. ಒಬ್ಬರು "ನಾನೇ, ಬನ್ನಿ" ಅಂತ ಬಾಗಿಲಿಗೆ ಬರುತ್ತಾರೆ. ಇನ್ನೊಬ್ಬ ಬಂದು "ದೊಡ್ಡಮನೆ ಯಜಮಾನ್ರು ಯಾರು?" ಅಂತ ಕೂಗಿದರೂ ಅದೇ ಬಾಗಿಲಿನಿಂದ ಅವರೇ ಬರುತ್ತಾರೆ. ಕಾರ್ಡಿಗೆ ಎರಡು ಐಪಿ ಕೊಡೋದು ಅಂದರೆ ಇಷ್ಟೇ. ಎರಡು ಹೆಸರಿನ ಕೂಗಿಗೂ ಓಗೊಡು ಅಂತ ಹೇಳಿಕೊಡೋದು. ಯಾವ ಹೆಸರಿನಲ್ಲಿ ಕರೆದರೋ ಆ ಹೆಸರಿನಲ್ಲೇ ಉತ್ತರ ಹೋಗುತ್ತೆ. ಆದ್ದರಿಂದ ಕರೆದವನಿಗೆ ಗೊಂದಲವಿಲ್ಲ.

ಭಾರತಕ್ಕೆ ಜಾಲ ಬಂದದ್ದು 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಿಂದ. ಐಐಟಿಗಳ ಜೊತೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಮೊದಲಿನಿಂದ ಇತ್ತು. ಜನಸಾಮಾನ್ಯರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸೇವೆ ಶುರುವಾದಾಗ. ಒಂದು ಕಾರ್ಡಿಗೆ ಹಲವು ಐಪಿ ಕೊಡುವ ಕೆಲಸಕ್ಕೆ ಜಗತ್ತಿನಲ್ಲಿ ದೊಡ್ಡ ಬೇಡಿಕೆ ಬಂದದ್ದೂ ಸುಮಾರು ಆ ಹೊತ್ತಿಗೇ, ಜಾಲತಾಣಗಳ ಕಾರಣದಿಂದ.

ಆಗಿನ ಬ್ರೌಸರುಗಳು ಸರ್ವರ್ ಬಾಗಿಲು ತಟ್ಟಿ "ಮುಖಪುಟ ಕೊಡು" ಅನ್ನುತ್ತಿದ್ದವು. ಯಾವ ತಾಣದ ಮುಖಪುಟ ಅಂತ ಹೇಳುತ್ತಿರಲಿಲ್ಲ. ಲಕೋಟೆಯ ಮೇಲೆ ಬರೀ ಮನೆ ನಂಬರ್ ಬರೆದು, ಯಾರಿಗೆ ಅಂತ ಬರೆಯದ ಹಾಗೆ. ಒಂದು ವಠಾರದಲ್ಲಿ ಹತ್ತು ಸಂಸಾರ ಇದ್ದರೆ ಏನು ಮಾಡಬೇಕು? ಒಬ್ಬೊಬ್ಬರಿಗೂ ಒಂದೊಂದು ಮನೆ ನಂಬರ್ ಕೊಡಬೇಕು. ಹಾಗಾಗಿ ಒಂದೇ ಯಂತ್ರದಲ್ಲಿ ಹತ್ತು ತಾಣ ಇಡಬೇಕಾದರೆ ಹತ್ತು ಐಪಿ ಬೇಕಾಗುತ್ತಿತ್ತು. 1996ರ ಲಿನಕ್ಸ್ 2.0 ಆವೃತ್ತಿಯಲ್ಲಿ ಇದಕ್ಕೆ 'ಐಪಿ ಅಲಿಯಾಸಿಂಗ್' ಅನ್ನೋ ಸೌಲಭ್ಯ ಇತ್ತು. ಬರೆದವರು ಹ್ವಾನ್ ಹೋಸೆ ಸಿಯಾರ್ಲಾಂತೆ. ಕಾರ್ಡಿನ ಹೆಸರು ಇಟಿಎಚ್0 ಆದರೆ ಎರಡನೆಯ ವಿಳಾಸಕ್ಕೆ ಇಟಿಎಚ್0:0, ಮೂರನೆಯದಕ್ಕೆ ಇಟಿಎಚ್0:1 ಅಂತ ಹೆಸರಿಟ್ಟು ಇಫ್‌ಕಾನ್ಫಿಗ್ ಆದೇಶದಲ್ಲಿ ಕೊಟ್ಟರೆ ಮುಗಿಯಿತು. ಒಂದೇ ಬಾಗಿಲಿನ ಪಕ್ಕ ಸುಳ್ಳುಸುಳ್ಳೇ ಇನ್ನೆರಡು ಬಾಗಿಲು ಬರೆದಂತೆ ಅದು. 1999ರ ಜನವರಿಯಲ್ಲಿ ಬಂದ 2.2 ಆವೃತ್ತಿಯಿಂದ ಈ ನಾಟಕವೂ ಬೇಡವಾಯಿತು. ಒಂದೇ ಕಾರ್ಡು, ಅದರ ಕೆಳಗೆ ವಿಳಾಸಗಳ ಪಟ್ಟಿ. ಈಗ ನಾವು ಬಳಸುವ 'ಐಪಿ' ಆದೇಶ ತೋರಿಸೋದು ಅದನ್ನೇ. ಅಲಿಯಾಸ್ ಅನ್ನೋ ಮಾತು ಮಾತ್ರ ಹಳಬರ ಬಾಯಲ್ಲಿ ಉಳಿದಿದೆ, ಫ್ರೆಂಚ್ ರಾಕ್ಸ್ ಉಳಿದ ಹಾಗೆ.

ಇನ್ನೊಂದು ವಿಷಯ. ಲಿನಕ್ಸಿನಲ್ಲಿ ಒಂದೇ ಸಾಲಿನ, ಅಂದರೆ ಒಂದೇ ಸಬ್‌ನೆಟ್ಟಿನ, ವಿಳಾಸಗಳನ್ನು ಕೊಟ್ಟರೆ ಮೊದಲು ಕೊಟ್ಟದ್ದು ಹಿರಿಯ, ಉಳಿದವು ಕಿರಿಯರು. ಹಿರಿಯನನ್ನು ತೆಗೆದರೆ ಕಿರಿಯರೂ ಅವನ ಹಿಂದೆಯೇ ಹೊರಟುಹೋಗುತ್ತಿದ್ದರು. ಆಮೇಲೆ ಬಂದ ಕರ್ನಲ್‌ಗಳಲ್ಲಿ ಕಿರಿಯನಿಗೆ ಪಟ್ಟ ಕಟ್ಟುವ ಒಂದು ಆಯ್ಕೆ ಸೇರಿತು. ದೂರದಲ್ಲಿ ಕೂತು ಸರ್ವರ್ ನೋಡಿಕೊಳ್ಳುವವರು ಇದನ್ನು ಪರೀಕ್ಷಿಸದೆ ಹಳೇ ವಿಳಾಸ ಅಳಿಸಬಾರದು.

ಸಬ್‌ನೆಟ್ ಅಂದೆ. ನಮ್ಮ ರೈತರಿಗೆ ಇದನ್ನು ವಿವರಿಸೋದು ಬಹಳ ಸುಲಭ, ಪೋಡಿ ಅಂದರೆ ಸಾಕು. ಒಂದು ಸರ್ವೆ ನಂಬರು ಅಣ್ಣತಮ್ಮಂದಿರ ನಡುವೆ ಒಡೆದು ಅಡ್ಡಗೆರೆ ಹಾಕಿ 1, 2 ಆಗುವ ಹಾಗೆ, 1993ರಿಂದ ಐಪಿ ಜಮೀನನ್ನೂ ಬೇಕಾದ ಅಳತೆಗೆ ಒಡೆದು ಅಡ್ಡಗೆರೆ ಹಾಕಿ ಬರೆಯುವ ಪದ್ಧತಿ ಬಂತು. ಒಡೆಯಲೇಬೇಕಿತ್ತು. ಒಟ್ಟು ಜಮೀನು ಇದ್ದದ್ದೇ 429 ಕೋಟಿ ಚಿಲ್ಲರೆ ವಿಳಾಸ, ತಾಣಕ್ಕೊಂದರಂತೆ ಕೊಡುತ್ತಾ ಹೋದರೆ ಎಷ್ಟು ದಿನ ಬಂದೀತು? 1997ರ ಜನವರಿಯ ಎಚ್‌ಟಿಟಿಪಿ 1.1 ದಾಖಲೆ ಬ್ರೌಸರ್‌ಗಳು ತಾಣದ ಹೆಸರನ್ನೂ ಹೇಳಲೇಬೇಕು ಅಂತ ನಿಯಮ ಮಾಡಿತು. ಲಕೋಟೆಯ ಮೇಲೆ ಹೆಸರು ಬಂದ ಮೇಲೆ ಇಡೀ ವಠಾರಕ್ಕೆ ಒಂದೇ ನಂಬರ್ ಸಾಕಾಯಿತು.

ಸಾಕಾಯಿತು ಅನ್ನುವಷ್ಟರಲ್ಲಿ ಇನ್ನೊಂದು ತೊಡಕು. ಬ್ಯಾಂಕಿನಂಥ ಸುರಕ್ಷಿತ ತಾಣಗಳಲ್ಲಿ ಲಕೋಟೆ ಮುದ್ರೆ ಹಾಕಿ ಬರುತ್ತೆ, ಹೆಸರು ಒಳಗಡೆ ಇರುತ್ತೆ. ಹೆಸರು ಗೊತ್ತಾಗದೆ ಯಾರ ಬೀಗದ ಕೈ ತರಬೇಕು ಅಂತ ಗೊತ್ತಾಗೋಲ್ಲ. ಬೀಗದ ಕೈ ಇಲ್ಲದೆ ಲಕೋಟೆ ಒಡೆದು ಹೆಸರು ಓದೋಕೆ ಆಗೋಲ್ಲ. ಹಾಗಾಗಿ ಅಂಥ ತಾಣಗಳಿಗೆ ಮತ್ತೆ ಒಂದೊಂದು ಐಪಿ. 2003ರ ಜೂನ್‌ನಲ್ಲಿ ಎಸ್‌ಎನ್‌ಐ ಅನ್ನೋ ಉಪಾಯ ಬಂತು, ಹೆಸರನ್ನು ಮುದ್ರೆಯ ಹೊರಗೆ ಬರೆಯೋದು. ಆದರೆ ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಇದು ಅರ್ಥವಾಗುತ್ತಿರಲಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ನಮ್ಮ ಊರಿನ ಸೈಬರ್ ಸೆಂಟರುಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಎಕ್ಸ್‌ಪಿ ಅದರಾಚೆಗೂ ಓಡುತ್ತಿತ್ತು. ಹೊಸ ಉಪಾಯ ಬಂದು ಹತ್ತು ವರ್ಷ ಆದ ಮೇಲೂ ಹಳೆಯ ರೀತಿ ಐಪಿಗಳನ್ನು ಕಾರ್ಡಿನ ಮೇಲೆ ಪೇರಿಸಿಕೊಂಡೇ ಇರಬೇಕಾಗಿ ಬಂದದ್ದು ಇಂಥ ಹಳೇ ಯಂತ್ರದ ಮುಂದೆ ಕೂತವರಿಗಾಗಿ.

ಅಷ್ಟರಲ್ಲಿ ಜಮೀನೂ ಮುಗಿದಿತ್ತು. 2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ಐಪಿವಿ4 ತುಂಡುಗಳನ್ನು ಹಂಚಿದರು. ಏಷ್ಯಾದ ನಮ್ಮ ಪಾಲು ನೋಡಿಕೊಳ್ಳುವ ಎಪಿನಿಕ್ ಅದೇ ವರ್ಷ ಏಪ್ರಿಲ್ 15ರಿಂದ ಒಬ್ಬ ಸದಸ್ಯರಿಗೆ ಕೊನೆಯ ತುಂಡಿನಲ್ಲಿ 1024 ವಿಳಾಸ ಮಾತ್ರ ಅಂತ ಪಡಿತರ ಶುರುಮಾಡಿತು.

ಇಷ್ಟು ದೊಡ್ಡ ಕಥೆಯ ಜೊತೆ ನಮ್ಮ ನಾಲ್ಕು ಊರುಗಳ ಒಂದು ಸಣ್ಣ ಕಥೆಯನ್ನೂ ಹೇಳಬೇಕು.

ಭೂಮಿ ಯೋಜನೆಯಲ್ಲಿ ಕರ್ನಾಟಕದ 177 ತಾಲ್ಲೂಕು ಕೇಂದ್ರಗಳಲ್ಲಿ ಪಹಣಿ ಕಂಪ್ಯೂಟರಿನಿಂದ ಬರಲು ಶುರುವಾದದ್ದು 2000ದ ಆಸುಪಾಸಿನಲ್ಲಿ. ಆಗ 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ ಬರುತ್ತಿತ್ತು. ಅದನ್ನು ನೋಡಿ ಸಣ್ಣಪುಟ್ಟ ಸಂಸ್ಥೆಗಳಿಗೂ ಉತ್ಸಾಹ ಬಂತು. ಅಂಥ ಒಂದು ಸಂಸ್ಥೆಯಲ್ಲಿ ನಾನು ಕೆಲವು ಕಾಲ ಸರ್ವರ್ ನೋಡಿಕೊಳ್ಳುತ್ತಿದ್ದೆ, ಹೆಸರು ಬೇಡ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಾಲ್ಕೂ ಕಡೆ ಶಾಖೆಗಳಿದ್ದವು. ರೈತರಿಗೆ ಹಣ ಪಾವತಿ ಮಾಡುವ ಕೆಲಸ. ಎಲ್ಲ ಶಾಖೆಯ ಕಂಪ್ಯೂಟರುಗಳೂ ಹೆಡ್ಡಾಫೀಸಿನ ಒಂದೇ ಸರ್ವರಿಗೆ ಜೋಡಿಸಿದ್ದವು. ಮೊದಲು ಅಳವಡಿಸಿದವರು ಸರ್ವರಿನ ಹೆಸರಿನ ಬದಲು ಅದರ ಐಪಿಯನ್ನೇ ಪ್ರತಿ ಯಂತ್ರದಲ್ಲೂ ಟೈಪು ಮಾಡಿ ಹೋಗಿದ್ದರು. ಎಷ್ಟು ಯಂತ್ರ, ಯಾವ ಫೈಲಿನಲ್ಲಿ, ಯಾವ ದಾಖಲೆಯೂ ಇರಲಿಲ್ಲ.

ಹೊಸ ಸರ್ವರ್ ಬಂತು, ಅದರ ಜೊತೆ ಹೊಸ ವಿಳಾಸದ ಸಾಲೂ ಬಂತು. ಮೇಲಿನವರು ಶನಿವಾರ ರಾತ್ರಿ ಬದಲಿಸಿ, ಸೋಮವಾರ ಎಲ್ಲರಿಗೂ ಹೊಸ ನಂಬರ್ ಫೋನಿನಲ್ಲಿ ಹೇಳಿ ಅಂದರು. ಸೋಮವಾರ ಪಾವತಿಯ ದಿನ. ನಾಗಮಂಗಲದ ಶಾಖೆಗೆ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದು ಸಾಲಿನಲ್ಲಿ ನಿಂತವರಿಗೆ 'ಸರ್ವರ್ ಇಲ್ಲ, ನಾಳೆ ಬನ್ನಿ' ಅನ್ನೋದು ಎಷ್ಟು ಸುಲಭ! ಆ ನಾಳೆ ಅವರಿಗೆ ಒಂದು ದಿನದ ಕೂಲಿ, ಜೊತೆಗೆ ಬಸ್ ಚಾರ್ಜು.

ಹಳೇ ಸರ್ವರಿನ ತಂತಿ ಎಳೆದು, ಹೊಸ ಸರ್ವರಿನ ಕಾರ್ಡಿಗೆ ಹೊಸ ವಿಳಾಸದ ಜೊತೆ ಹಳೇ ವಿಳಾಸವನ್ನೂ ಕೊಟ್ಟೆವು. ಈ ಅನುಕ್ರಮ ಮುಖ್ಯ. ಎರಡು ಯಂತ್ರ ಒಂದೇ ಹೆಸರಿಗೆ ಓಗೊಟ್ಟರೆ ಜಗಳ ಖಂಡಿತ. ರೂಟರಿನಲ್ಲಿ ಹಳೇ ಸಾಲಿನ ದಾರಿ ಹಾಗೇ ಬಿಟ್ಟೆವು. ಆದರೆ ಅದರ ನೆನಪಿನಲ್ಲಿ ಹಳೇ ಕಾರ್ಡಿನ ಮ್ಯಾಕ್ ಇನ್ನೂ ಕೂತಿರುತ್ತೆ. ಆದ್ದರಿಂದ 'ಈ ನಂಬರ್ ಈಗ ನನ್ನದು' ಅಂತ ಹೊಸ ಸರ್ವರಿನಿಂದ ಒಂದು ಎಆರ್‌ಪಿ ಡಂಗುರ ಹೊಡೆಸಿದ್ದಾಯಿತು. ಒಟ್ಟು ಕೆಲಸ ಹತ್ತು ನಿಮಿಷದ್ದು. ಸೋಮವಾರ ಬೆಳಿಗ್ಗೆ ನಾಲ್ಕೂ ಶಾಖೆಗಳಲ್ಲಿ ಪಾವತಿ ಎಂದಿನಂತೆ ನಡೆಯಿತು. ಏನೋ ಬದಲಾಗಿದೆ ಅಂತ ಯಾರಿಗೂ ತಿಳಿಯಲಿಲ್ಲ.

ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಹಳೇ ನಂಬರಿಗೆ ಯಾರು ಯಾರು ಇನ್ನೂ ಬಾಗಿಲು ತಟ್ಟುತ್ತಿದ್ದಾರೆ ಅಂತ ದಿನಾ ಟಿಸಿಪಿಡಂಪ್ ಹಾಕಿ ನೋಡುತ್ತಿದ್ದೆ. ಕಂಡ ಯಂತ್ರವನ್ನು ಹುಡುಕಿ, ಶಾಖೆಯವರಿಗೆ ಬಿಡುವಿದ್ದಾಗ ಬದಲಿಸುತ್ತಾ ಹೋದೆ. ಶ್ರೀರಂಗಪಟ್ಟಣ ಒಂದೇ ದಿನದಲ್ಲಿ ಮುಗಿಯಿತು. ಪಾಂಡವಪುರ, ನಾಗಮಂಗಲಕ್ಕೆ ಎರಡು ವಾರ. ಕೆ.ಆರ್.ಪೇಟೆಯ ಒಂದು ಯಂತ್ರ ಮಾತ್ರ ತಿಂಗಳಿಗೊಮ್ಮೆ ಬಂದು ತಟ್ಟಿ ಹೋಗುತ್ತಿತ್ತು. ಅದು ತಿಂಗಳ ಕೊನೆಯ ಲೆಕ್ಕಕ್ಕೆ ಮಾತ್ರ ಹಚ್ಚುವ, ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಕಂಪ್ಯೂಟರ್ ಅಂತ ಗೊತ್ತಾಗಲು ಮೂರು ತಿಂಗಳು ಬೇಕಾಯಿತು. ಅದನ್ನೂ ಬದಲಿಸಿ, ಇನ್ನೂ ಎರಡು ತಿಂಗಳು ಯಾರೂ ತಟ್ಟಲಿಲ್ಲ ಅಂತ ಖಾತ್ರಿಯಾದ ಮೇಲೆ ಹಳೇ ವಿಳಾಸ ತೆಗೆದದ್ದು.

ಒಂದು ಬಾಗಿಲಿಗೆ ಎರಡು ವಿಳಾಸ ಕೊಡುವ ಈ ಪುಟ್ಟ ವಿದ್ಯೆಯ ಬೆಲೆ ನನಗೆ ಕಂಡದ್ದು ಇಲ್ಲೇ. ಹೊಸ ಹೆಸರು ಇಡುವವನಿಗೆ ಬದಲಾವಣೆ ಒಂದು ರಾತ್ರಿಯ ಕೆಲಸ. ಹಳೇ ಹೆಸರು ಹಿಡಿದು ಬರುವವನಿಗೆ ಅದು ಸುದ್ದಿಯೇ ತಲುಪಿರೋದಿಲ್ಲ. ಹಾಗಾಗಿ ಮೊದಲು ಸೇರಿಸಬೇಕು, ಆಮೇಲೆ ಕಾಯಬೇಕು, ಯಾರೂ ತಟ್ಟದಿದ್ದಾಗ ತೆಗೆಯಬೇಕು. ಬ್ಯಾಂಕಿನ ಆ ಪಟ್ಟಿ ಮಾಡಿದವರು ಪಾಂಡವಪುರದ ಪಕ್ಕ ಫ್ರೆಂಚ್ ರಾಕ್ಸ್, ಹಿರೋಡೆ ಅಂತ ಎರಡು ಪದ ಸೇರಿಸಿದ್ದರೆ ಚಿಕ್ಕಪ್ಪನಿಗೆ ಮೂರು ತಿಂಗಳು ಉಳಿಯುತ್ತಿತ್ತು. ಖರ್ಚು ಎರಡು ಪದದ್ದು.

ಈಗ ಕಾಲ ಮುಂದೆ ಹೋಗಿದೆ. ಐಪಿವಿ6ನಲ್ಲಿ ಒಂದು ಕಾರ್ಡಿಗೆ ಹಲವು ವಿಳಾಸ ಇರೋದು ವಿಶೇಷವೇ ಅಲ್ಲ, ಅದೇ ನಿಯಮ. ಎಫ್‌ಇ80 ಅಂತ ಶುರುವಾಗುವ ಬೀದಿಯೊಳಗಿನ ವಿಳಾಸ ಒಂದು, ಹೊರಜಗತ್ತಿಗೆ ಇನ್ನೊಂದು, ಗುರುತು ಮರೆಸಲು ಆಗಾಗ ಬದಲಾಗುವುದು ಮತ್ತೊಂದು. 2016ರಲ್ಲಿ ಜಿಯೋ ಬಂದ ಮೇಲೆ ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದಾಯಿತು. ಪ್ಯಾಟೆ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ನೋಡುತ್ತಾ ಕೂತ ಹುಡುಗನ ಜೇಬಿನಲ್ಲೂ ಈಗ ಎರಡು ಮೂರು ವಿಳಾಸ ಇರಬಹುದು, ಅವನಿಗೆ ಅದು ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಊರ ಹೆಸರುಗಳಿಗೆ ಮಾತ್ರ ಅಂಥ ವ್ಯವಸ್ಥೆ ತಾನಾಗೇ ಬರೋದಿಲ್ಲ, ನಾವೇ ಬರೆದಿಡಬೇಕು. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ಕ್ರಯಪತ್ರ, ಮಾರ್ಕ್ಸ್ ಕಾರ್ಡು, ಲಗ್ನಪತ್ರಿಕೆ ಇದ್ದರೆ ಒಮ್ಮೆ ತೆಗೆದು ನೋಡಿ. ಅದರಲ್ಲಿ ಊರಿನ ಹೆಸರು ಈಗಿನದಕ್ಕಿಂತ ಬೇರೆ ಇದ್ದರೆ, ಆ ಹೆಸರು ಗೊತ್ತಿರುವ ಹಿರಿಯರು ಇನ್ನೂ ಇರುವಾಗಲೇ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಆ ಕಾಗದದ ಜೊತೆಗೇ ಇಟ್ಟುಬಿಡಿ. ಮುಂದೆ ನಿಮ್ಮ ಮಕ್ಕಳು ಯಾವುದೋ ಕೌಂಟರಿನ ಮುಂದೆ ನಿಂತಾಗ ಬೇಕಾಗುತ್ತೆ.